ಗೋಡೆಯುಂಟು, ಕಾವಲುಗಾರನೆಲ್ಲಿ?

2022ನೆಯ ಇಸವಿ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳು ಇದ್ದಕ್ಕಿದ್ದಂತೆ ಮೂಕವಾದುವು. ದೇಶದ ನಾನಾ ಮೂಲೆಗಳಿಂದ ಬಂದು ಸಾಲುಗಟ್ಟಿ ನಿಂತಿದ್ದ ರೋಗಿಗಳ ಹೆಸರನ್ನು ದಾಖಲೆಮಾಡಲು, ರಕ್ತಪರೀಕ್ಷೆಯ ಫಲಿತಾಂಶವನ್ನು ವೈದ್ಯರಿಗೆ ಮುಟ್ಟಿಸಲು, ರೋಗಿಯನ್ನು ಒಳಕ್ಕೆ ಸೇರಿಸಿಕೊಳ್ಳಲು, ಗುಣವಾದವನನ್ನು ಮನೆಗೆ ಕಳುಹಿಸಲು, ಎಲ್ಲಕ್ಕೂ ಕಾಗದ ಲೇಖನಿಗಳೇ ಗತಿಯಾದುವು. ಯಾರೋ ದುರಾತ್ಮರು ಹೊರಗಿನಿಂದ ನುಸುಳಿ ಆಸ್ಪತ್ರೆಯ ಐದು ಸರ್ವರುಗಳಲ್ಲಿದ್ದ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಬೀಗ ಜಡಿದಿದ್ದರು. ಮುಖ್ಯ ಕೆಲಸಗಳು ಪುನಃ ಹಳಿಗೆ ಬರಬೇಕಾದರೆ ಎರಡು ವಾರಗಳು ಹಿಡಿದುವು. ಬೇರೊಂದು ಸರ್ವರಿನಲ್ಲಿ ಪ್ರತಿ ಉಳಿದಿದ್ದುದು ರೋಗಿಗಳ ಪುಣ್ಯವೆನ್ನಬೇಕು.

ಇದು ಹೇಗೆ ಸಾಧ್ಯವಾಯಿತೆಂದು ರಾಜ್ಯಸಭೆಯಲ್ಲಿ ಪ್ರಶ್ನೆ ಬಂದಾಗ ಸರ್ಕಾರದವರು ಕೊಟ್ಟ ಉತ್ತರವು ಗಮನಾರ್ಹವಾದುದು. ಆಸ್ಪತ್ರೆಯ ಜಾಲವನ್ನು ಸರಿಯಾಗಿ ವಿಂಗಡಿಸಿರಲಿಲ್ಲವೆಂಬುದೇ ಪ್ರಾಥಮಿಕ ಪರಿಶೀಲನೆಯಿಂದ ಕಂಡುಬಂದ ಕಾರಣವೆಂದು ಆ ಉತ್ತರದ ತಾತ್ಪರ್ಯ. ಸಾಮಾನ್ಯರ ಮಾತಿನಲ್ಲಿ ಹೇಳುವುದಾದರೆ, ಮನೆಗೆ ಹೊರಗೋಡೆ ಇದ್ದಿರಬಹುದು. ಒಳಗೆ ಕೋಣೆಗೂ ಕೋಣೆಗೂ ನಡುವೆ ಬಾಗಿಲಿರಲಿಲ್ಲ. ಪಡಸಾಲೆಗೆ ಬಂದ ಕಳ್ಳನು ನೇರವಾಗಿ ತಿಜೋರಿಯ ಬಳಿಗೆ ಹೋದನು. ದೇಶದ ರಾಜಧಾನಿಯಲ್ಲಿ, ದೇಶದ ಅಗ್ರಗಣ್ಯ ಆಸ್ಪತ್ರೆಯಲ್ಲಿ ಇಂತಹ ಸ್ಥಿತಿ ಇದ್ದಮೇಲೆ ನಮ್ಮ ತಾಲ್ಲೂಕು ಕಚೇರಿ, ಪುರಸಭೆ, ಸಹಕಾರಿ ಬ್ಯಾಂಕು, ಪಟ್ಟಣದ ಆಸ್ಪತ್ರೆಗಳ ಪಾಡೇನು? ಈ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಫೈರ್‌ವಾಲ್ ಎಂಬ ಮಾತನ್ನು ಈಗ ಗುಮಾಸ್ತೆಯಿಂದ ಹಿಡಿದು ಮಂತ್ರಿಯವರೆಗೆ ಎಲ್ಲರೂ ಆಡುತ್ತಾರೆ. ಆದರೆ ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ತಿಳಿದು ಆಡುವವರು ವಿರಳ. ಒತ್ತೊತ್ತಾಗಿ ಕಟ್ಟಿದ ಮನೆಗಳ ಸಾಲಿನಲ್ಲಿ ಒಂದಕ್ಕೆ ಬಿದ್ದ ಬೆಂಕಿಯು ಇನ್ನೊಂದಕ್ಕೆ ಹರಡದಂತೆ ನಡುವೆ ಎಬ್ಬಿಸುವ ದಪ್ಪ ಇಟ್ಟಿಗೆಯ ಗೋಡೆಗೆ ಇಂಗ್ಲಿಷಿನಲ್ಲಿ ಈ ಹೆಸರಿತ್ತು. ಬೆಂಕಿಗೋಡೆ ಎಂದರೂ ಆದೀತು, ಅಗ್ನಿಭಿತ್ತಿ ಎಂದರೂ ಆದೀತು. ಆದರೆ ಕಂಪ್ಯೂಟರಿನ ಫೈರ್‌ವಾಲು ಬರಿಯ ಗೋಡೆಯಲ್ಲ. ಬರಿಯ ಗೋಡೆಯಾದರೆ ತಂತಿಯನ್ನು ಕತ್ತರಿಸಿಬಿಟ್ಟರೆ ಸಾಕಾಗಿತ್ತು. ಅದು ಬಾಗಿಲುಳ್ಳ ಗೋಡೆ. ಬಾಗಿಲಲ್ಲಿ ಪಟ್ಟಿಯೊಂದನ್ನು ಹಿಡಿದು ನಿಂತ ಪಹರೆಯವನು ಅದರ ಜೀವಾಳ.

ಇಂಟರ್ನೆಟ್ಟಿನಲ್ಲಿ ಸಂಚರಿಸುವ ಯಾವ ಸಮಾಚಾರವೂ ಇಡಿಯಾಗಿ ಸಂಚರಿಸುವುದಿಲ್ಲ. ಪ್ಯಾಕೆಟ್ ಎಂಬ ಚಿಕ್ಕಚಿಕ್ಕ ಕಟ್ಟುಗಳಾಗಿ ಹೋಗುತ್ತದೆ. ಅಂಚೆಯ ಲಕೋಟೆಯಂತೆ ಪ್ರತಿಯೊಂದರ ಮೇಲೂ ಕಳುಹಿಸಿದವನ ವಿಳಾಸ, ಮುಟ್ಟಬೇಕಾದ ವಿಳಾಸ, ಜೊತೆಗೆ ಪೋರ್ಟ್ ಎಂಬ ಒಂದು ಸಂಖ್ಯೆ ಬರೆದಿರುತ್ತದೆ. ವಿಳಾಸವು ಮನೆಯನ್ನು ತಿಳಿಸಿದರೆ ಪೋರ್ಟು ಆ ಮನೆಯ ಯಾವ ಬಾಗಿಲೆಂಬುದನ್ನು ತಿಳಿಸುತ್ತದೆ. ಇಂತಹ ಬಾಗಿಲುಗಳ ಸಂಖ್ಯೆಯು ಒಂದೊಂದು ಯಂತ್ರದಲ್ಲಿಯೂ 65 ಸಾವಿರಕ್ಕೆ ಮೀರಿದುದು. ಗೂಢವಾಗಿ ಸಾಗುವ ಜಾಲಪುಟಗಳಿಗೆ 443ನೆಯದು, ಒಂದೇ ಕಚೇರಿಯ ಯಂತ್ರಗಳು ಕಡತಗಳನ್ನು ಹಂಚಿಕೊಳ್ಳಲು 445ನೆಯದು, ದೂರದಿಂದ ಕುಳಿತು ಯಂತ್ರವನ್ನು ನಡೆಸಲು 3389ನೆಯದು ಎಂದು ರೂಢಿ ಇದೆ. ಫೈರ್‌ವಾಲು ಪ್ರತಿಯೊಂದು ಲಕೋಟೆಯನ್ನೂ ತಡೆದು, ಮೇಲಿನ ಬರಹವನ್ನು ತನ್ನ ಪಟ್ಟಿಯ ಮೊದಲನೆಯ ನಿಯಮದೊಡನೆ ಹೋಲಿಸುತ್ತದೆ. ಹೊಂದದಿದ್ದರೆ ಎರಡನೆಯದರೊಡನೆ, ಆಮೇಲೆ ಮೂರನೆಯದರೊಡನೆ. ಎಲ್ಲಿ ಹೊಂದುವುದೋ ಅಲ್ಲಿಯ ಆಜ್ಞೆಯಂತೆ ಬಿಡುವುದು ಅಥವಾ ಎಸೆಯುವುದು. ಈ ಕಾರಣದಿಂದ ನಿಯಮಗಳ ಅನುಕ್ರಮವೇ ಅತಿ ಮುಖ್ಯವಾದುದು. ಮೇಲುಗಡೆ ಒಂದು ಸಡಿಲವಾದ ನಿಯಮ ಕುಳಿತಿತೆಂದರೆ ಕೆಳಗಿನ ನೂರು ಬಿಗಿಯಾದ ನಿಯಮಗಳು ವ್ಯರ್ಥ.

ಮೊದಲಿನ ಫೈರ್‌ವಾಲುಗಳಿಗೆ ಇಷ್ಟೇ ಗೊತ್ತಿದ್ದಿತು. 1988ನೆಯ ಇಸವಿ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿಯೊಬ್ಬನು ಬಿಟ್ಟ ‘ಹುಳು’ವು ಅಂದಿನ ಸಣ್ಣ ಇಂಟರ್ನೆಟ್ಟಿನಲ್ಲಿ ಸುಮಾರು ಆರು ಸಾವಿರ ಯಂತ್ರಗಳನ್ನು ಕೆಡಿಸಿತೆಂದು ಆಗಿನ ಅಂದಾಜು. ವಿದ್ವಾಂಸರು ಪರಸ್ಪರ ನಂಬಿಕೆಯಿಂದ ಬಾಗಿಲು ತೆರೆದಿಟ್ಟುಕೊಂಡಿದ್ದ ಕಾಲವು ಅಂದಿಗೆ ಮುಗಿಯಿತು. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ, ಬೆಲ್ ಪ್ರಯೋಗಶಾಲೆ ಮೊದಲಾದೆಡೆಗಳಲ್ಲಿ ಈ ಶಾಸ್ತ್ರ ಬೆಳೆಯಿತು. 1994ರ ಹೊತ್ತಿಗೆ ಬೆಲ್ ಪ್ರಯೋಗಶಾಲೆಯ ಚೆಸ್‌ವಿಕ್, ಬೆಲೊವಿನ್ ಎಂಬಿಬ್ಬರು ಅದರ ಮೇಲೆ ಗ್ರಂಥವನ್ನೇ ಬರೆದರು. ಆ ಸುಮಾರಿಗೆ ಬಂದ ಸುಧಾರಣೆಯೊಂದನ್ನು ವಾಚಕರು ತಿಳಿದಿರುವುದು ಲೇಸು. ಹೊಸ ಪಹರೆಯವನು ಜ್ಞಾಪಕಶಕ್ತಿಯುಳ್ಳವನು. ಒಳಗಿನಿಂದ ಯಾರು ಯಾರಿಗೆ ಕಾಗದ ಬರೆದರೆಂಬುದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ; ಅದಕ್ಕೆ ಬಂದ ಜವಾಬನ್ನು ಒಳಕ್ಕೆ ಬಿಡುತ್ತಾನೆ; ಯಾರೂ ಕೇಳದಿದ್ದ ‘ಜವಾಬು’ ಬಂದರೆ ಹೊರಗೆಸೆಯುತ್ತಾನೆ. ನಮ್ಮ ನಮ್ಮ ಮನೆಗಳಲ್ಲಿ ಮೂಲೆಯಲ್ಲಿ ದೀಪ ಮಿನುಗಿಸುತ್ತ ಕುಳಿತಿರುವ ರೌಟರಿನಲ್ಲಿಯೂ ಸಾಧಾರಣವಾಗಿ ಈ ವಿದ್ಯೆ ಇರುತ್ತದೆ. ವಿಂಡೋಸ್ ಯಂತ್ರಗಳಲ್ಲಿ 2004ರಿಂದ ಈಚೆಗೆ ಫೈರ್‌ವಾಲು ತಾನಾಗಿಯೇ ಚಾಲೂ ಆಗಿರುವಂತೆ ಏರ್ಪಡಿಸಲಾಯಿತು. ಯಾವುದೋ ತಂತ್ರಾಂಶ ನಡೆಯಲಿಲ್ಲವೆಂದು ಅದನ್ನು ಆರಿಸಿಬಿಡುವ ಬುದ್ಧಿವಂತರು ಪ್ರತಿ ಕಚೇರಿಯಲ್ಲಿಯೂ ಒಬ್ಬರಾದರೂ ಇದ್ದಾರೆಂಬುದು ಬೇರೆ ಮಾತು.

ಪಟ್ಟಿಯನ್ನು ಬರೆಯುವುದರಲ್ಲಿ ಎರಡು ಮಾರ್ಗಗಳುಂಟು. ‘ಕೆಟ್ಟವರೆಂದು ಗೊತ್ತಿರುವವರನ್ನು ತಡೆ, ಉಳಿದವರನ್ನು ಬಿಡು’ ಎಂಬುದು ಒಂದು. ‘ಅನುಮತಿ ಪಡೆದವರನ್ನು ಬಿಡು, ಉಳಿದವರೆಲ್ಲರನ್ನೂ ತಡೆ’ ಎಂಬುದು ಇನ್ನೊಂದು. ಬಲ್ಲವರೆಲ್ಲರೂ ಒಪ್ಪಿದುದು ಎರಡನೆಯದನ್ನೇ. ಏಕೆಂದರೆ ಜಗತ್ತಿನ ಕೆಟ್ಟವರ ಪಟ್ಟಿಯನ್ನು ಯಾರೂ ಪೂರ್ತಿಮಾಡಲಾರರು. ನಮ್ಮ ಕಚೇರಿಗೆ ಬೇಕಾದವರ ಪಟ್ಟಿಯಾದರೋ ಒಂದು ಹಾಳೆಗೆ ಮೀರುವುದಿಲ್ಲ. ಆದರೆ ಎರಡನೆಯ ಮಾರ್ಗದಲ್ಲಿ ಶ್ರಮವಿದೆ. ಹೊಸ ಕೆಲಸ ಬಂದಾಗಲೆಲ್ಲ ಒಂದು ನಿಯಮವನ್ನು ಬರೆಯಬೇಕು, ಕೆಲಸ ಮುಗಿದಾಗ ಅಳಿಸಬೇಕು. ಶ್ರಮವನ್ನು ತಪ್ಪಿಸಿಕೊಳ್ಳಲು ಅವಸರದ ಕಂಟ್ರಾಕ್ಟುದಾರನು ಮಾಡುವುದೇನು? ‘ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಯಾವ ಬಾಗಿಲಿಗೆ ಬೇಕಾದರೂ’ ಎಂಬ ಒಂದು ಸಾಲನ್ನು ಎಲ್ಲಕ್ಕೂ ಮೇಲೆ ಬರೆದು, ‘ಈಗ ನಡೆಯುತ್ತದೆ ಸ್ವಾಮಿ’ ಎಂದು ಹೇಳಿ ಬಸ್ಸು ಹತ್ತುವುದು. ಊರಿಂದ ಕುಳಿತು ರಿಪೇರಿ ಮಾಡಲು ತನಗೊಂದು ಕಿಂಡಿಯನ್ನು ತೆರೆದಿಟ್ಟುಕೊಂಡು ಹೋಗುವವರೂ ಉಂಟು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಕತೆಯನ್ನು ಬಲ್ಲ ನಮಗೆ ಕಿಂಡಿಯ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕಿಂಡಿಯ ಬಾಯಲ್ಲಿ ಒನಕೆ ಹಿಡಿದು ನಿಲ್ಲುವ ಒಬ್ಬಾಕೆಯಾದರೂ ಇದ್ದಳು.

ಗೋಡೆಯೇ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನೆರೆಯ ಬಾಂಗ್ಲಾದೇಶದ ಕೇಂದ್ರ ಬ್ಯಾಂಕೇ ಸಾಕ್ಷಿ. 2016ರ ಫೆಬ್ರವರಿಯಲ್ಲಿ ಕಳ್ಳರು ಆ ಬ್ಯಾಂಕಿನ ಯಂತ್ರಗಳೊಳಗೆ ಸೇರಿ, ನ್ಯೂಯಾರ್ಕಿನಲ್ಲಿದ್ದ ಅದರ ಖಾತೆಯಿಂದ ಹಣ ಕಳುಹಿಸಬೇಕೆಂಬ ಸುಳ್ಳು ಆಜ್ಞೆಗಳನ್ನು ಹೊರಡಿಸಿದರು. 8 ಕೋಟಿ 10 ಲಕ್ಷ ಡಾಲರುಗಳು ಫಿಲಿಪ್ಪೀನ್ಸಿಗೆ ಸೇರಿದುವು. ಹಣವನ್ನು ಜಗತ್ತಿನಾದ್ಯಂತ ಸಾಗಿಸುವ ಆ ಯಂತ್ರಗಳಿಗೆ ಫೈರ್‌ವಾಲು ಇರಲಿಲ್ಲವೆಂದೂ, ಅವುಗಳನ್ನು ಜೋಡಿಸಿದ್ದ ಸ್ವಿಚ್ಚುಗಳು ಹತ್ತು ಡಾಲರು ಬೆಲೆಯ ಹಳೆಯ ಮಾಲೆಂದೂ ಅಲ್ಲಿನ ಪೊಲೀಸ್ ತನಿಖಾಧಿಕಾರಿಯೊಬ್ಬರೇ ಸುದ್ದಿಸಂಸ್ಥೆಗೆ ತಿಳಿಸಿದರು. ಉಳಿಸಿದ ಹಣವೆಷ್ಟು, ಕಳೆದ ಹಣವೆಷ್ಟು?

ಗೋಡೆಯಿದ್ದೂ ಬಾಗಿಲು ತೆರೆದಿದ್ದರೆ ಏನಾಗುತ್ತದೆಂಬುದನ್ನು ಮರುವರ್ಷವೇ ಇಂಗ್ಲೆಂಡು ಕಂಡಿತು. 2017ರ ಮೇ 12ರಂದು ಹೊರಟ ‘ವಾನಾಕ್ರೈ’ ಎಂಬ ಪೀಡೆಯು ಮೇಲೆ ಹೇಳಿದ 445ನೆಯ ಬಾಗಿಲಿನ ಮೂಲಕ ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಒಂದೇ ಕಚೇರಿಯ ಒಳಗೆ ಬಳಸುವ ಈ ಬಾಗಿಲನ್ನು ಬೀದಿಯ ಕಡೆಗೆ ತೆರೆದಿಡುವುದಕ್ಕೆ ಯಾವ ಕಾರಣವೂ ಇಲ್ಲ. ಇಂಗ್ಲೆಂಡಿನ 236 ಸರ್ಕಾರಿ ಆಸ್ಪತ್ರೆ ಮಂಡಲಿಗಳಲ್ಲಿ ಎಂಬತ್ತರಷ್ಟು ಬಾಧೆಗೊಳಗಾದುವು; ರದ್ದಾದ ಭೇಟಿಗಳು ಸುಮಾರು 19 ಸಾವಿರವೆಂದು ಅಂದಾಜಾಯಿತು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯವರು ಆ ವರ್ಷದ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂತ್ರಾಂಶಕ್ಕೆ ತೇಪೆ ಹಾಕಿದ್ದರೂ ಹಾಕದಿದ್ದರೂ, ಇಂಟರ್ನೆಟ್ಟಿಗೆ ಮುಖಮಾಡಿದ ಫೈರ್‌ವಾಲನ್ನು ಸರಿಯಾಗಿ ನೋಡಿಕೊಂಡಿದ್ದರೆ ಈ ಪೀಡೆ ಒಳಗೆ ಬರುತ್ತಿರಲಿಲ್ಲವೆಂದು ಅಭಿಪ್ರಾಯಪಟ್ಟರು. ಯಂತ್ರವನ್ನು ಕೊಂಡಿದ್ದರು, ನೋಡಿಕೊಳ್ಳಲಿಲ್ಲ. ಇದನ್ನು ನಮ್ಮ ಅಧಿಕಾರಿಗಳು ಎರಡು ಸಲ ಓದಬೇಕೆಂದು ಪ್ರಾರ್ಥನೆ.

ಇನ್ನು ಒಳಗೋಡೆಗಳ ವಿಷಯ. ನಮ್ಮ ಪೂರ್ವಿಕರು ಕೋಟೆಯನ್ನು ಒಂದೇ ಸುತ್ತಿಗೆ ನಿಲ್ಲಿಸಲಿಲ್ಲವೇಕೆಂದರೆ ಮೊದಲನೆಯ ಸುತ್ತು ಒಂದಲ್ಲ ಒಂದು ದಿನ ಬಿದ್ದೇ ಬೀಳುವುದೆಂದು ಅವರಿಗೆ ತಿಳಿದಿದ್ದಿತು. ಇಂದಿನ ಕಚೇರಿಯಲ್ಲಿಯೂ ಸ್ವಾಗತದ ಮೇಜಿನ ಯಂತ್ರ, ಖಜಾಂಚಿಯ ಯಂತ್ರ, ದಾಖಲೆಗಳ ಸರ್ವರು, ಬಂದವರಿಗೆಲ್ಲ ಬಿಟ್ಟುಕೊಡುವ ವೈಫೈ, ಇವೆಲ್ಲ ಒಂದೇ ಬಯಲಿನಲ್ಲಿರಬಾರದು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿಯೂ ಪಹರೆ ಬೇಕು. ಇದರ ಫಲವನ್ನು ಕೂಡಂಕುಳದಲ್ಲಿ ಕಂಡಿದ್ದೇವೆ. 2019ರಲ್ಲಿ ಅಲ್ಲಿನ ಅಣುವಿದ್ಯುತ್ ಕೇಂದ್ರದ ಆಡಳಿತದ ಜಾಲದಲ್ಲಿದ್ದ ಒಂದು ಯಂತ್ರಕ್ಕೆ ಸೋಂಕು ತಗುಲಿದ್ದುದನ್ನು ಅಣುವಿದ್ಯುತ್ ನಿಗಮದವರು ಅಕ್ಟೋಬರ್ 30ರಂದು ಒಪ್ಪಿಕೊಂಡರು. ಆದರೆ ಆ ಜಾಲವು ಸ್ಥಾವರವನ್ನು ನಡೆಸುವ ಒಳಜಾಲದಿಂದ ಬೇರೆಯಾಗಿತ್ತೆಂದೂ ಸ್ಥಾವರಕ್ಕೆ ಬಾಧೆಯಿಲ್ಲವೆಂದೂ ತಿಳಿಸಿದರು. ಅದೇ ಸೋಂಕು ಎರಡೂ ಕಡೆ ಒಂದೇ ಬಯಲಾಗಿದ್ದಲ್ಲಿ ಬಿದ್ದಿದ್ದರೆ? ಊಹಿಸಲೂ ಮನಸ್ಸು ಹಿಂಜರಿಯುತ್ತದೆ.

ಫೈರ್‌ವಾಲಿನಿಂದ ಆಗದ ಕೆಲಸಗಳನ್ನೂ ಹೇಳದಿದ್ದರೆ ನಾವು ಅಂಗಡಿಯವರ ಪಕ್ಷದವರಾಗಿಬಿಡುತ್ತೇವೆ. ಈಗಿನ ಲಕೋಟೆಗಳು ಬಹುಪಾಲು ಅರಗಿನ ಮುದ್ರೆ ಹಾಕಿದಂತೆ ಗೂಢಲಿಪಿಯಲ್ಲಿ ಹೋಗುತ್ತವೆ. ಪಹರೆಯವನಿಗೆ ಮೇಲಿನ ವಿಳಾಸ ಕಾಣುವುದೇ ಹೊರತು ಒಳಗಿನ ಒಕ್ಕಣೆ ಕಾಣುವುದಿಲ್ಲ. ಒಳಗಿರುವ ಗುಮಾಸ್ತೆಯೇ ‘ನಿಮ್ಮ ಖಾತೆ ನಿಂತುಹೋಗುತ್ತದೆ’ ಎಂಬ ಸುಳ್ಳು ಕಾಗದವನ್ನು ನಂಬಿ ಪಾಸ್‌ವರ್ಡನ್ನು ಬರೆದುಕೊಟ್ಟರೆ, ಕಳ್ಳನು ಯಜಮಾನನ ವೇಷದಲ್ಲಿಯೇ ಬರುತ್ತಾನೆ. ಪಹರೆಯವನು ಸಲಾಮು ಮಾಡಿ ಬಿಡುತ್ತಾನೆ. ಸಾರ್ವಜನಿಕರಿಗೆಂದೇ ತೆರೆದಿರುವ ಬಾಗಿಲಿನ ಕಷ್ಟ ಇನ್ನೂ ಒಂದು ಬಗೆಯದು. 2025ರ ಜನವರಿಯಲ್ಲಿ ನಮ್ಮ ನೋಂದಣಿ ಇಲಾಖೆಯ ಕಾವೇರಿ ಜಾಲತಾಣಕ್ಕೆ ಸುಳ್ಳು ಖಾತೆಗಳ ಮೂಲಕ ಲಕ್ಷಗಟ್ಟಲೆ ವಿಚಾರಣೆಗಳನ್ನು ಸುರಿದು ಅದು ಉಸಿರಾಡದಂತೆ ಮಾಡಿದ್ದರು. ಕ್ರಯಪತ್ರಕ್ಕೆ ದಿನ ನೋಡಿಕೊಂಡು ಸಬ್‌ರಿಜಿಸ್ಟ್ರಾರರ ಕಚೇರಿಗೆ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಅಂಗಡಿಯ ಮುಂದೆ ಕೊಳ್ಳುವವರ ಸೋಗಿನಲ್ಲಿ ಸಾವಿರ ಮಂದಿ ನೂಕುನುಗ್ಗಲು ಮಾಡಿದರೆ ಬಾಗಿಲಿಗೆ ಕಾವಲು ಹಾಕಿ ಪ್ರಯೋಜನವೇನು? ಅದಕ್ಕೆ ಬೇರೆ ಉಪಾಯಗಳಿವೆ. ಆದರೆ ಬರಿಯ ಪಟ್ಟಿ ಹಿಡಿದ ಪಹರೆಯವನಿಂದ ಅದು ಆಗತಕ್ಕದ್ದಲ್ಲ.

ಇಲ್ಲಿ ಸ್ವದೇಶಿಯ ಪ್ರಶ್ನೆಯನ್ನು ಎತ್ತದೆ ಇರಲಾರೆವು. ಪಹರೆಯವನೇ ಪರರ ಮನುಷ್ಯನಾದರೆ? 2015ರ ಡಿಸೆಂಬರಿನಲ್ಲಿ ಅಮೆರಿಕದ ಜೂನಿಪರ್ ಕಂಪನಿಯವರು, ತಮ್ಮ ಫೈರ್‌ವಾಲುಗಳ ತಂತ್ರಾಂಶದೊಳಗೆ ಯಾರೋ ಅನಧಿಕೃತವಾಗಿ ಸೇರಿಸಿದ್ದ ಬರಹವು ಸಿಕ್ಕಿತೆಂದು ತಾವೇ ಪ್ರಕಟಿಸಿದರು. ಅದನ್ನು ಬಲ್ಲವನಿಗೆ ಗೋಡೆಯಲ್ಲಿಯೇ ಗುಪ್ತದ್ವಾರ ದೊರೆಯುತ್ತಿದ್ದಿತು. 2024ರ ಏಪ್ರಿಲಿನಲ್ಲಿ ಪಾಲೋ ಆಲ್ಟೋ, ಸಿಸ್ಕೋ ಎಂಬ ಇನ್ನೆರಡು ಹೆಸರಾಂತ ಕಂಪನಿಗಳ ಫೈರ್‌ವಾಲುಗಳಲ್ಲಿಯೇ ಬಿರುಕುಗಳು ಕಂಡುಬಂದು, ಅವುಗಳ ಮೂಲಕವೇ ಧಾಳಿಗಳು ನಡೆದುವು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ? ನಮ್ಮವರಿಗೆ ಈ ವಿದ್ಯೆ ಬಾರದೆಂದೂ ಅಲ್ಲ. ಅಹಮದಾಬಾದಿನ ಸೈಬರೋಮ್ ಎಂಬ ಸಂಸ್ಥೆ ಫೈರ್‌ವಾಲುಗಳನ್ನು ಮಾಡಿ ಮಾರುತ್ತಿದ್ದಿತು. 2014ರಲ್ಲಿ ಅದನ್ನು ಇಂಗ್ಲೆಂಡಿನ ಸೋಫೋಸ್ ಕಂಪನಿಯವರು ಕೊಂಡರು. ಆ ಸೋಫೋಸನ್ನೂ 2020ರಲ್ಲಿ ಅಮೆರಿಕದ ಬಂಡವಾಳಗಾರರು ಕೊಂಡರು. ನಮ್ಮ ನೆಲದಲ್ಲಿ ಮೊಳೆತ ಸಸಿಯು ಎರಡು ಸಲ ಕೈಬದಲಾಗಿ ಸಮುದ್ರ ದಾಟಿತು. ಯಾರೂ ನಿಟ್ಟುಸಿರು ಬಿಟ್ಟಂತೆ ಕಾಣಲಿಲ್ಲ.

ಆದರೆ ಸ್ವದೇಶಿ ಎಂಬ ಮುದ್ರೆ ಒತ್ತಿದ ಮಾತ್ರಕ್ಕೆ ಗೋಡೆ ಗಟ್ಟಿಯಾಗುವುದಿಲ್ಲವೆಂಬುದನ್ನೂ ನಾವು ಮರೆಯಬಾರದು. ಇದೇ ಸೈಬರೋಮಿನ ಪೆಟ್ಟಿಗೆಗಳೆಲ್ಲಕ್ಕೂ ಒಂದೇ ಬೀಗದ ಕೈ ಇದ್ದುದನ್ನು 2012ರಲ್ಲಿ ಹೊರಗಿನ ಪರೀಕ್ಷಕರು ಬಯಲಿಗೆಳೆದರು. ಖಾದಿಯನ್ನು ಉಡುವಾಗಲೂ ನೂಲು ಗಟ್ಟಿಯಾಗಿದೆಯೇ ಎಂದು ಎಳೆದು ನೋಡುವುದು ಅಪರಾಧವಲ್ಲ. ದೇಶದಲ್ಲಿಯೇ ತಯಾರಾಗಬೇಕು, ದೇಶದಲ್ಲಿಯೇ, ಮಾಡಿದವರಲ್ಲದ ಬೇರೆ ತಜ್ಞರಿಂದ ನಿರ್ದಾಕ್ಷಿಣ್ಯವಾಗಿ ಪರೀಕ್ಷೆಯಾಗಬೇಕು. ಬೆಂಗಳೂರಿನಲ್ಲಿ ಕುಳಿತು ಜಗತ್ತಿನ ಕಂಪನಿಗಳಿಗೆ ಈ ಕೆಲಸವನ್ನು ಮಾಡಿಕೊಡುತ್ತಿರುವ ನಮ್ಮ ತರುಣರಿಗೆ ತಮ್ಮ ತಾಲ್ಲೂಕು ಕಚೇರಿಯ ಗೋಡೆಯನ್ನು ಪರೀಕ್ಷಿಸುವ ಅವಕಾಶವನ್ನು ಕೊಡಲಾರೆವೇ?

ಇನ್ನೊಂದು ಎಚ್ಚರಿಕೆ. ಕಳ್ಳನನ್ನು ಹೊರಗಿಡುವ ಗೋಡೆಯೇ ಪ್ರಜೆಯನ್ನು ಒಳಗಿಡುವ ಗೋಡೆಯೂ ಆಗಬಲ್ಲದು. ಚೀನಾ ದೇಶವು ತನ್ನ ಪ್ರಜೆಗಳು ಏನನ್ನು ಓದಬಾರದೆಂಬುದನ್ನು ಇದೇ ಬಗೆಯ ಸಾಧನಗಳಿಂದ ನಿರ್ಧರಿಸುತ್ತಿದೆ. ಲೋಕವು ಅದನ್ನು ‘ಮಹಾ ಫೈರ್‌ವಾಲ್’ ಎಂದು ವ್ಯಂಗ್ಯವಾಗಿ ಕರೆಯುತ್ತದೆ. 1910ರ ಪತ್ರಿಕಾ ಕಾಯಿದೆಯ ಕೆಳಗೆ ಠೇವಣಿ ಕೇಳಿ ಪತ್ರಿಕೆಗಳ ಬಾಯಿ ಮುಚ್ಚಿಸಿದ ಕಾಲವನ್ನು ಅನುಭವಿಸಿದ ದೇಶ ನಮ್ಮದು. ಕಚೇರಿಯ ದಾಖಲೆಯನ್ನು ಕಾಯುವ ಗೋಡೆಗೆ ನಮ್ಮ ಪೂರ್ಣ ಬೆಂಬಲವುಂಟು. ಓದುಗನ ಕಣ್ಣಿಗೆ ಕಟ್ಟುವ ಗೋಡೆಗೆ ಇಲ್ಲ.

ಈಗ ನಮ್ಮ ಪಟ್ಟಣಗಳ ಕಡೆಗೆ ಬರೋಣ. ಪೂನಾದ ಕಾಸ್ಮಾಸ್ ಎಂಬ ಸಹಕಾರಿ ಬ್ಯಾಂಕಿನಿಂದ 2018ರ ಆಗಸ್ಟಿನಲ್ಲಿ ಮೂರು ದಿನಗಳೊಳಗೆ 94 ಕೋಟಿ ರೂಪಾಯಿಗಳು ಮಾಯವಾದುದು ವಾಚಕರಿಗೆ ನೆನಪಿರಬಹುದು. ಆ ವರ್ಷದ ಅಕ್ಟೋಬರ್ 19ರಂದು ರಿಸರ್ವ್ ಬ್ಯಾಂಕಿನವರು ಪಟ್ಟಣ ಸಹಕಾರಿ ಬ್ಯಾಂಕುಗಳಿಗೆಲ್ಲ ಕನಿಷ್ಠ ರಕ್ಷಣೆಯ ಏರ್ಪಾಡುಗಳನ್ನು ವಿಧಿಸಿ ಸುತ್ತೋಲೆ ಕಳುಹಿಸಿದರು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯವರು 2022ರ ಏಪ್ರಿಲ್ 28ರಂದು, ಧಾಳಿ ಗೊತ್ತಾದ ಆರು ಗಂಟೆಗಳೊಳಗೆ ವರದಿಮಾಡಬೇಕೆಂದೂ, ಯಂತ್ರಗಳ ದಿನಚರಿಯನ್ನು 180 ದಿನಗಳವರೆಗೆ ಕಾದಿಡಬೇಕೆಂದೂ ಆಜ್ಞೆ ಹೊರಡಿಸಿದರು. ಜನರ ಖಾಸಗಿ ವಿವರಗಳನ್ನು ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು 2023ರ ಕಾಯಿದೆಯಲ್ಲಿ ಅವಕಾಶವಿದೆ. ಕಾಗದದ ಮೇಲೆ ಕೊರತೆಯೇನೂ ಇಲ್ಲ.

ಕೊರತೆ ಇರುವುದು ಮನುಷ್ಯನಲ್ಲಿ. ಟೆಂಡರು ಕರೆದು, ಕಡಿಮೆ ಬೆಲೆ ಹೇಳಿದವನಿಂದ ಪೆಟ್ಟಿಗೆಯನ್ನು ಕೊಂಡು, ದಾಸ್ತಾನು ಪುಸ್ತಕದಲ್ಲಿ ಬರೆದುಕೊಂಡರೆ ಕರ್ತವ್ಯ ಮುಗಿಯಿತೆಂದು ನಮ್ಮ ಕಚೇರಿಗಳು ತಿಳಿಯುತ್ತವೆ. ಆಯುಧಪೂಜೆಯ ದಿನ ಆ ಪೆಟ್ಟಿಗೆಗೆ ಕುಂಕುಮ ಚೆಂಡುಹೂವುಗಳು ತಪ್ಪದೆ ಸಲ್ಲುತ್ತವೆ. ಮರುವರ್ಷದ ಆಯುಧಪೂಜೆಯವರೆಗೆ ಅದರ ಮುಖವನ್ನು ಯಾರೂ ನೋಡುವುದಿಲ್ಲ. ಹೊಸ ಪೀಡೆಗಳ ಗುರುತುಗಳನ್ನು ಅದಕ್ಕೆ ತಿಳಿಸಲು ವರ್ಷಾವರಿ ಚಂದಾ ಕಟ್ಟಬೇಕು. ಬಜೆಟ್ಟಿನಲ್ಲಿ ಅದಕ್ಕೆ ಶೀರ್ಷಿಕೆಯಿಲ್ಲವೆಂದು ಲೆಕ್ಕದ ಗುಮಾಸ್ತೆ ಕಡತವನ್ನು ಹಿಂದಿರುಗಿಸುತ್ತಾನೆ. ತಡೆದ ಪ್ರತಿಯೊಂದು ಲಕೋಟೆಯ ವಿವರವನ್ನೂ ಅದು ರಾತ್ರಿ ಹಗಲು ಬರೆದಿಡುತ್ತಿದೆ, ಓದುವವರಿಲ್ಲ. ಪಹರೆಯವನು ಕೂಗುತ್ತಿದ್ದಾನೆ, ಯಜಮಾನನು ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾನೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಸಂಪ್ರದಾಯದಲ್ಲಿ ನಮಗೆ ಸಮಾನರಾರು?

ಹಳ್ಳಿಯ ರೈತನ ಪಹಣಿ, ವಿಧವೆಯ ಪಿಂಚಣಿ, ರೋಗಿಯ ಕಾಯಿಲೆಯ ಗುಟ್ಟು, ನಿವೃತ್ತ ಉಪಾಧ್ಯಾಯರು ಸಹಕಾರಿ ಬ್ಯಾಂಕಿನಲ್ಲಿಟ್ಟ ಠೇವಣಿ, ಇವೆಲ್ಲ ಇಂದು ಈ ಗೋಡೆಗಳ ಹಿಂದೆ ಇವೆ. ಅವರಾರೂ ತಮ್ಮ ಕಾಗದಗಳನ್ನು ಯಂತ್ರಕ್ಕೆ ಸೇರಿಸಿರೆಂದು ಅರ್ಜಿ ಹಾಕಿಕೊಂಡವರಲ್ಲ. ಸೇರಿಸಿದವರು ಸರ್ಕಾರದವರು ಮತ್ತು ಆಡಳಿತ ಮಂಡಲಿಯವರು. ಆದಕಾರಣ ಕಾಯುವ ಹೊಣೆಯೂ ಅವರದೇ.

ನಾವು ಕೇಳುವುದು ದುಬಾರಿಯಾದುದೇನೂ ಅಲ್ಲ. ಪ್ರತಿ ಜಿಲ್ಲೆಯಲ್ಲಿ ಈ ವಿದ್ಯೆಯನ್ನು ಕಲಿತ ಇಬ್ಬರು ಮೂವರನ್ನು ಖಾಯಂ ಸಂಬಳದ ಮೇಲೆ ನೇಮಿಸಿ, ಜಿಲ್ಲೆಯ ಕಚೇರಿಗಳ ಪಟ್ಟಿಗಳನ್ನು ಮೂರು ತಿಂಗಳಿಗೊಮ್ಮೆ ತಿದ್ದುವ ಕೆಲಸವನ್ನು ಅವರಿಗೆ ಒಪ್ಪಿಸಲಿ. ಕಂಟ್ರಾಕ್ಟುದಾರನು ಹೋಗುವಾಗ ಅವನ ಕಿಂಡಿಯನ್ನು ಮುಚ್ಚಿದುದಕ್ಕೆ ರುಜು ಪಡೆದ ಮೇಲೆಯೇ ಬಿಲ್ಲು ಪಾಸಾಗಲಿ. ದಾಖಲೆಗಳ ಒಂದು ಪ್ರತಿ ಜಾಲಕ್ಕೆ ಅಂಟದೆ ಬೇರೆಯಾಗಿರಲಿ. ಸಹಕಾರಿ ಬ್ಯಾಂಕುಗಳು ವಾರ್ಷಿಕ ಮಹಾಸಭೆಯಲ್ಲಿ ಲಾಭಾಂಶವನ್ನು ಓದುವಾಗ, ಹೊರಗಿನ ಪರೀಕ್ಷಕನು ಗೋಡೆಯನ್ನು ಯಾವಾಗ ಪರೀಕ್ಷಿಸಿದನು, ಅವನು ತೋರಿಸಿದ ಬಿರುಕುಗಳಲ್ಲಿ ಎಷ್ಟನ್ನು ಮುಚ್ಚಲಾಯಿತು ಎಂಬುದನ್ನೂ ಸದಸ್ಯರ ಮುಂದಿಡಲಿ. ಬಿರುಕು ಎಲ್ಲಿತ್ತೆಂದು ಹೇಳುವುದು ಬೇಡ. ಮುಚ್ಚಿದರೇ ಇಲ್ಲವೇ ಎಂಬುದನ್ನು ಹೇಳಲಿ. ಮುಂದಿನ ಮಹಾಸಭೆಗೆ ಹೋಗುವ ನಮ್ಮ ವಾಚಕರಲ್ಲಿ ಒಬ್ಬರಾದರೂ ಎದ್ದುನಿಂತು ಅಧ್ಯಕ್ಷರನ್ನು ಈ ಪ್ರಶ್ನೆ ಕೇಳುವರೆಂದೂ, ಉತ್ತರವು ನಡವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳುವರೆಂದೂ ನಂಬಿದ್ದೇವೆ.